ಕೂಡ್ಲು ತೀರ್ಥದ ಗುಂಡಿಗೆ ಮಕ್ಕಳನ್ನು ಇಳಿಸಬಹುದೇ? ಹೋಗಿಬಂದವರು ದಯವಿಟ್ಟು ತಿಳಿಸಿ

ಬಿಜೈಯ ಗೃಹಿಣಿ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಇರುವಾಗ ಮಂಗಳೂರಿನಿಂದ ಹೆಬ್ರಿಯ ಮೂಲಕ ಕೂಡ್ಲು ತೀರ್ಥ ಜಲಪಾತಕ್ಕೆ ಹೋಗಿಬರಬೇಕೆಂದು ನಾವು ಮನೆಯವರೆಲ್ಲ ಯೋಚಿಸಿದ್ದೇವೆ. ನಾನು, ನನ್ನ ಯಜಮಾನರು, 14 ವರ್ಷದ ಮಗ, 9 ವರ್ಷದ ಮಗಳು, ಜೊತೆಗೆ 68 ವರ್ಷದ ಅತ್ತೆ, ಹೀಗೆ ಐದು ಮಂದಿ. ಅತ್ತೆಯವರ ತವರು ಮನೆ ಹೆಬ್ರಿಯ ಕಡೆಯದು. ಮದುವೆಗೆ ಮೊದಲು ಊರವರ ಜೊತೆ ಕಾಡಿನ ದಾರಿಯಲ್ಲಿ ನಡೆದು ಹೋಗಿ ಅಲ್ಲಿ ಮಿಂದು ಬಂದದ್ದನ್ನು ಅವರು ಈಗಲೂ ನೆನೆಯುತ್ತಾರೆ. ‘ಒಮ್ಮೆಯಾದರೂ ಆ ನೀರನ್ನು ತಲೆಗೆ ಹಾಕಿಕೊಳ್ಳಬೇಕು’ ಎಂದು ಅವರು ಹೇಳಿದ್ದೇ ಈ ಪ್ರಯಾಣಕ್ಕೆ ಕಾರಣ.

ಮಗನ ಆಸೆ ಬೇರೆ. ಅವನು ನಗರದ ಈಜುಕೊಳದಲ್ಲಿ ಎರಡು ವರ್ಷ ಈಜು ಕಲಿತಿದ್ದಾನೆ. ಜಲಪಾತದ ಕೆಳಗಿನ ಗುಂಡಿಗೆ ಬಂಡೆಯ ಮೇಲಿಂದ ಹಾರುವವರ ವಿಡಿಯೋಗಳನ್ನು ನೋಡಿ ತಾನೂ ಹಾಗೆಯೇ ಹಾರಬೇಕೆಂದು ದಿನವೂ ಹೇಳುತ್ತಿದ್ದಾನೆ. ಈಜುಕೊಳದಲ್ಲಿ ಚೆನ್ನಾಗಿ ಈಜುವ ಹುಡುಗ ಅಂತಹ ನೀರಿನಲ್ಲಿಯೂ ಸುರಕ್ಷಿತವಾಗಿರುತ್ತಾನೆಯೇ ಎಂಬುದು ನನಗೆ ಗೊತ್ತಿಲ್ಲ. ಆ ಜಾಗ ಸೋಮೇಶ್ವರ ವನ್ಯಜೀವಿ ಅಭಯಾರಣ್ಯದ ಒಳಗಿದೆ ಎಂದು ಓದಿದ್ದೇನೆ. ಹಾಗಿದ್ದರೆ ಅನುಮತಿಯನ್ನು ಎಲ್ಲಿ ಪಡೆಯಬೇಕು, ನೀರಿಗೆ ಇಳಿಯಲು ಬಿಡುತ್ತಾರೆಯೇ, ಮೊಣಕಾಲು ನೋವಿರುವ ಅತ್ತೆಯವರಿಗೆ ಅಲ್ಲಿಯವರೆಗೆ ನಡೆಯಲು ಸಾಧ್ಯವೇ?

ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಸಂರಕ್ಷಿತ ಕಾಡಿನ ನಡುವೆ ಇರುವ ನೀರಿಗೆ ನಮ್ಮಂತಹವರು ವಾರವಾರವೂ ನೂರಾರು ಮಂದಿ ಇಳಿದರೆ ಆ ನೀರು ಏನಾಗಬಹುದು? ನಾವು ಹೋಗುವುದೇ ತಪ್ಪೋ, ಅಥವಾ ಹೋಗುವುದಕ್ಕೂ ಒಂದು ಸರಿಯಾದ ಕ್ರಮ ಇದೆಯೋ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸೀತಾನದಿ ದಡದವನು — ಉತ್ತರ

ನಮಸ್ಕಾರ ಅಕ್ಕ. ನಾನು ಹುಟ್ಟಿ ಬೆಳೆದದ್ದು ಹೆಬ್ರಿಯ ಸಮೀಪ. ಈಗ ಉದ್ಯೋಗದ ನಿಮಿತ್ತ ಉಡುಪಿಯಲ್ಲಿದ್ದೇನೆ. ನಿಮ್ಮ ಅತ್ತೆಯವರು ನಡೆದು ಹೋಗುತ್ತಿದ್ದ ಕಾಲಕ್ಕೂ ಈಗಿನ ಕಾಲಕ್ಕೂ ದಾರಿಯಲ್ಲಿ ಬಹಳ ವ್ಯತ್ಯಾಸವಾಗಿದೆ. ಉಡುಪಿಯಿಂದ ಹೆಬ್ರಿಗೆ ಸುಮಾರು 32 ಕಿಲೋಮೀಟರ್, ಹೆಬ್ರಿಯಿಂದ ಕೂಡ್ಲು ತೀರ್ಥಕ್ಕೆ ಮತ್ತೆ ಸುಮಾರು 20 ಕಿಲೋಮೀಟರ್ ಆಗುತ್ತದೆ. ಹೆಬ್ರಿಯಿಂದ ಆಗುಂಬೆಯ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದ ಮೇಲೆ ರಸ್ತೆ ಕಿರಿದಾಗುತ್ತದೆ; ಎದುರಿನಿಂದ ಒಂದು ಜೀಪು ಬಂದರೂ ಒಬ್ಬರು ಹಿಂದಕ್ಕೆ ಸರಿಯಬೇಕಾಗುವ ಜಾಗಗಳಿವೆ. ವಾಹನ ನಿಲ್ಲಿಸಿದ ಬಳಿಕ ಕೊನೆಯ ಭಾಗವನ್ನು ನಡೆದೇ ಕ್ರಮಿಸಬೇಕು. ಅಲ್ಲಿ ಮೆಟ್ಟಿಲುಗಳಿವೆ, ಆದರೆ ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರದವಲ್ಲ. ಮರದ ನೆರಳು ಬಿದ್ದಲ್ಲಿ ಚಳಿಗಾಲದಲ್ಲಿಯೂ ತೇವ ಆರಿರುವುದಿಲ್ಲ. ಮೊಣಕಾಲು ನೋವಿರುವ ಹಿರಿಯರು ನಿಧಾನವಾಗಿ, ಕೈಯಲ್ಲಿ ಒಂದು ಕೋಲು ಹಿಡಿದು, ಎರಡು ಮೂರು ಕಡೆ ಕುಳಿತು ಹೋದರೆ ತಲುಪಬಹುದು. ಹಿಂತಿರುಗುವಾಗ ಮೊಣಕಾಲಿಗೆ ಹೆಚ್ಚು ಶ್ರಮವಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಅನುಮತಿಯ ವಿಷಯ. ಸೋಮೇಶ್ವರ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಲಾಯಿತು. ಆಗ ಅದರ ವಿಸ್ತೀರ್ಣ 88.40 ಚದರ ಕಿಲೋಮೀಟರ್ ಇತ್ತು. 2011ರಲ್ಲಿ ಅದನ್ನು 314.25 ಚದರ ಕಿಲೋಮೀಟರ್‌ಗೆ ವಿಸ್ತರಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಒಳಗೆ ಯಾರು ಬೇಕಾದರೂ ತಮ್ಮ ಇಷ್ಟದಂತೆ ಪ್ರವೇಶಿಸುವಂತಿಲ್ಲ. ಪ್ರವಾಸಕ್ಕೆ ಬರುವವರಿಗೆ 28ನೇ ಸೆಕ್ಷನ್‌ನಡಿ ಅನುಮತಿ ನೀಡಲಾಗುತ್ತದೆ. ನಾವು ದಾರಿಯಲ್ಲಿ ಹಣ ಕೊಟ್ಟು ಪಡೆಯುವ ಚೀಟಿ ಆ ಅನುಮತಿಯೇ ಹೊರತು ಸಿನಿಮಾ ಟಿಕೆಟಿನಂತಹದ್ದಲ್ಲ. ಅದರ ಹಿಂದೆ ಷರತ್ತುಗಳಿರುತ್ತವೆ, ಷರತ್ತು ಮುರಿದರೆ ಅನುಮತಿಯೂ ಇಲ್ಲ. ಈ ಕಾಡು ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದೆ, ಅದರ ಕಚೇರಿ ಕಾರ್ಕಳದಲ್ಲಿದೆ. ಹೆಬ್ರಿಯಲ್ಲಿ ವಲಯ ಕಚೇರಿ ಇದೆ. ಹೊರಡುವ ಒಂದೆರಡು ದಿನ ಮೊದಲು ಅಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ, ಏಕೆಂದರೆ ಮಳೆ, ಕಾಡ್ಗಿಚ್ಚು, ನೀರಿನ ಮಟ್ಟ ಇವುಗಳನ್ನು ನೋಡಿಕೊಂಡು ಪ್ರವೇಶವನ್ನು ತೆರೆಯುವುದು, ಮುಚ್ಚುವುದು ನಡೆದೇ ಇರುತ್ತದೆ. ಕಳೆದ ವರ್ಷ ಯಾರೋ ಬರೆದ ಸಮಯ, ದರ, ನಿಯಮಗಳನ್ನು ನಂಬಿಕೊಂಡು ಅಷ್ಟು ದೂರ ಬರಬೇಡಿ.

ಈಗ ಮಗನ ವಿಷಯ. ಅಕ್ಕ, ಈ ಮಾತನ್ನು ನಾನು ತುಸು ಕಟುವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಹಾರುವುದಕ್ಕೆ ಖಂಡಿತ ಬಿಡಬೇಡಿ. ನೀರು ಸುಮಾರು 126 ಅಡಿ ಎತ್ತರದಿಂದ ಬೀಳುತ್ತದೆ ಎನ್ನುತ್ತಾರೆ. ಅಷ್ಟು ಎತ್ತರದಿಂದ ಸಾವಿರಾರು ವರ್ಷ ಬಿದ್ದ ನೀರು ಕೆಳಗಿನ ಬಂಡೆಯನ್ನು ಕೊರೆದು ಗುಂಡಿ ಮಾಡಿದೆ. ಹಾಗೆ ಕೊರೆದ ಗುಂಡಿ ಈಜುಕೊಳದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಆಳವಾಗುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತವನು ಎರಡು ಹೆಜ್ಜೆ ಮುಂದಿಟ್ಟರೆ ನೆಲವೇ ಇಲ್ಲದ ಜಾಗ ಬರಬಹುದು. ಪಕ್ಕದಲ್ಲಿಯೇ ನೀರಿನ ಒಂದು ಮೊಳ ಕೆಳಗೆ ಚೂಪಾದ ಬಂಡೆ ಇರಬಹುದು. ಪ್ರತಿ ಮಳೆಗಾಲದಲ್ಲಿ ನೆರೆಯ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬರುವುದರಿಂದ ಕಳೆದ ವರ್ಷ ಆಳವಿದ್ದಲ್ಲಿ ಈ ವರ್ಷವೂ ಆಳವಿದೆ ಎಂದು ಸ್ಥಳೀಯರಾದ ನಾವೇ ಹೇಳಲಾರೆವು.

ನೀರು ಬೀಳುವ ಜಾಗದಲ್ಲಿ ಏಳುವ ಬಿಳಿ ನೊರೆಯ ಬಗ್ಗೆಯೂ ಅವನಿಗೆ ತಿಳಿಸಿಹೇಳಿ. ಅಲ್ಲಿ ನೀರಿನೊಳಗೆ ಗಾಳಿಯ ಗುಳ್ಳೆಗಳು ತುಂಬಿರುತ್ತವೆ. ಗುಳ್ಳೆ ತುಂಬಿದ ನೀರು ಮಾಮೂಲಿ ನೀರಿನಷ್ಟು ದೇಹವನ್ನು ಎತ್ತಿ ಹಿಡಿಯುವುದಿಲ್ಲ. ಈಜುಕೊಳದಲ್ಲಿ ಸಲೀಸಾಗಿ ತೇಲುವ ಹುಡುಗ ಅಲ್ಲಿ ಕೈಕಾಲು ಬಡಿದರೂ ಮುಳುಗುತ್ತಾನೆ. ಮೇಲಿನಿಂದ ಬಿದ್ದ ನೀರು ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮೇಲೆದ್ದು, ಅದರಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ಮತ್ತೆ ಜಲಪಾತದ ಕಡೆಗೇ ಎಳೆಯುತ್ತದೆ. ಒಣ ಎಲೆಯೊಂದನ್ನು ನೀರಿಗೆ ಬಿಟ್ಟು ನೋಡಿದರೆ ಈ ಸೆಳೆತ ಕಣ್ಣಿಗೆ ಕಾಣುತ್ತದೆ. ಎಲೆ ಹೊರಗೆ ಹರಿದು ಹೋಗುವ ಬದಲು ತಿರುಗಿ ಒಳಗೆ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ದೊಡ್ಡವರು ನಮ್ಮನ್ನು ನೀರಿಗೆ ಬಿಡುವ ಮೊದಲು ಹೀಗೆಯೇ ಎಲೆ ಬಿಟ್ಟು ನೋಡುತ್ತಿದ್ದರು.

ದಡದ ಬಳಿ, ನೆಲ ಕಾಣುವಷ್ಟು ತಿಳಿ ನೀರಿನಲ್ಲಿ, ಸಿಬ್ಬಂದಿ ಬಿಡುವ ಜಾಗದಲ್ಲಿ ಮಾತ್ರ ಮಕ್ಕಳು ಕುಳಿತು ಮೀಯಬಹುದು. ಅತ್ತೆಯವರ ಆಸೆಗೂ ಅಷ್ಟು ನೀರು ಸಾಕು. ಒಂದು ಚೆಂಬು ತೆಗೆದುಕೊಂಡು ಹೋಗಿ.

ಕಲ್ಯಾಣಪುರದ ಓದುಗ — ಉತ್ತರ

ಮೇಲಿನವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಇನ್ನೊಂದು ಅಬ್ಬಿಗೆ (ಜಲಪಾತಕ್ಕೆ) ನಾವು ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆವು. ಜಾಗದ ಹೆಸರು ಇಲ್ಲಿ ಬೇಡ. ಅಣ್ಣನ ಮಗ, ಹತ್ತೊಂಬತ್ತರ ಹರೆಯದವನು, ಫೋಟೋ ತೆಗೆಯಲೆಂದು ಒಣಗಿದಂತೆ ಕಾಣುತ್ತಿದ್ದ ಬಂಡೆಯ ಮೇಲೆ ಕಾಲಿಟ್ಟ. ಅದರ ಮೇಲೆ ಕಪ್ಪಗೆ, ತೆಳ್ಳಗೆ ಪಾಚಿ ಹಬ್ಬಿತ್ತು. ಹಸಿರು ಪಾಚಿಯಾಗಿದ್ದರೆ ನಾವೇ ಎಚ್ಚರಿಸುತ್ತಿದ್ದೆವು. ಅವನು ಜಾರಿ ಆರೇಳು ಅಡಿ ಕೆಳಗೆ ಬಿದ್ದು ಮುಂಗೈಯ ಮೂಳೆ ಮುರಿದುಕೊಂಡ. ನೀರಿಗೆ ಬೀಳದೆ ಬಂಡೆಯ ಸಂದಿಯಲ್ಲಿ ಸಿಲುಕಿಕೊಂಡದ್ದರಿಂದಲೇ ಅವನು ಇಂದು ನಮ್ಮೊಡನೆ ಇದ್ದಾನೆ. ಮೊಬೈಲ್ ಫೋನಿಗೆ ಸಿಗ್ನಲ್ ಇರಲಿಲ್ಲ. ಎರಡು ಬೈರಾಸುಗಳನ್ನು (ಟವೆಲುಗಳನ್ನು) ಗಂಟು ಹಾಕಿ ಕೈಯನ್ನು ಕುತ್ತಿಗೆಗೆ ಕಟ್ಟಿ ಅವನನ್ನು ನಡೆಸಿಕೊಂಡು ಬಂದೆವು. ರಸ್ತೆಗೆ ಬಂದು ಮುಟ್ಟಲು ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆ ಅವನು ಹಲ್ಲು ಕಚ್ಚಿಕೊಂಡು ಒಂದು ಮಾತೂ ಆಡದೆ ನಡೆದದ್ದನ್ನು ಇಂದಿಗೂ ಮರೆಯಲಾರೆ.

ಅಂದಿನಿಂದ ನಾನು ಕೆಲವು ವಿಷಯಗಳನ್ನು ರೂಢಿ ಮಾಡಿಕೊಂಡಿದ್ದೇನೆ. ಅಬ್ಬಿಯ ಬಳಿ ಬಂಡೆಯ ಮೇಲೆ ರಬ್ಬರ್ ಹವಾಯಿ ಚಪ್ಪಲಿ ಹಾಕಿ ಯಾರೂ ನಡೆಯಬಾರದು. ಹಿಡಿತವಿರುವ ಬೂಟು ಇಲ್ಲವೇ ಬರಿಗಾಲು ಒಳ್ಳೆಯದು. ಕಾಲಿಡುವ ಮೊದಲು ಕೋಲಿನ ತುದಿಯಿಂದ ಬಂಡೆಯನ್ನು ಉಜ್ಜಿ ನೋಡಬೇಕು. ಜಲಪಾತದ ನೇರ ಕೆಳಗೆ ತಲೆಯೊಡ್ಡಿ ನಿಲ್ಲಬಾರದು, ಏಕೆಂದರೆ ನೀರಿನ ಜೊತೆ ಮೇಲಿನಿಂದ ಕಲ್ಲು, ಕೊಂಬೆ ಬೀಳುವುದುಂಟು. ಯಾರಾದರೂ ಆಳಕ್ಕೆ ಸಿಲುಕಿದರೆ ಉಳಿದವರು ಹಿಂದೆಯೇ ಧುಮುಕಬಾರದು. ಉಡುಪಿ, ದಕ್ಷಿಣ ಕನ್ನಡದ ನದಿಗಳಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ತೀರಿಕೊಂಡ ಸುದ್ದಿಗಳನ್ನು ನಾವೆಲ್ಲ ಓದುತ್ತಲೇ ಇದ್ದೇವೆ. ಹಗ್ಗ, ಸೀರೆ, ಗಂಟು ಹಾಕಿದ ಬೈರಾಸು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ದಡದಿಂದ ಎಸೆಯಬೇಕು. ನಾನು ಈಗ ಹದಿನೈದು ಮೀಟರ್ ನೈಲಾನ್ ಹಗ್ಗವನ್ನು ಕಾರಿನಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ.

ಡಿಸೆಂಬರ್ ಆದರೂ ಆಕಾಶವನ್ನು ಗಮನಿಸುತ್ತಿರಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೆ ಸಾಲದು; ಮೇಲೆ ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ವಾಯುಭಾರ ಕುಸಿದರೆ ಚಳಿಗಾಲದಲ್ಲಿಯೂ ಒಂದು ಮಳೆ ಬಂದು ಹೋಗುತ್ತದೆ. ತಿಳಿಯಾಗಿದ್ದ ನೀರು ಕದಡಿದರೆ, ತರಗೆಲೆ ಮತ್ತು ಕಡ್ಡಿಗಳು ಒಮ್ಮೆಲೇ ಹೆಚ್ಚಾಗಿ ತೇಲಿಬಂದರೆ, ಅಬ್ಬಿಯ ಸದ್ದು ದಪ್ಪವಾದರೆ ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಮೇಲಕ್ಕೆ ಬನ್ನಿ.

ಕಾರ್ಕಳದ ಹಿರಿಯ — ಉತ್ತರ

ಎಚ್ಚರಿಕೆಯ ಮಾತುಗಳು ಸರಿ. ಆದರೆ ಎಲ್ಲರೂ ಇದನ್ನು ಪ್ರವಾಸದ ತಾಣವೆಂದು ಮಾತ್ರ ನೋಡುತ್ತಿರುವುದು ನನಗೆ ನೋವು ತರುತ್ತದೆ. ಅದಕ್ಕೆ ಕೂಡ್ಲು ಫಾಲ್ಸ್ ಎಂದು ಹೆಸರಿಟ್ಟವರು ಈಚಿನವರು. ನಮ್ಮವರು ಕರೆದದ್ದು ತೀರ್ಥವೆಂದು. ಅಲ್ಲಿ ಋಷಿಗಳು ತಪಸ್ಸು ಮಾಡಿದರೆಂಬ ನಂಬಿಕೆ ಇದೆ. ಅಲ್ಲಿ ಧುಮುಕುವ ಸೀತಾನದಿಯೇ ಕೆಳಗೆ ಹರಿದು ಬಂದು ಜೋಮ್ಲು ತೀರ್ಥದಲ್ಲಿ ಮತ್ತೆ ಬಂಡೆಗಳ ನಡುವೆ ಧುಮುಕುತ್ತದೆ, ಬಾರಕೂರನ್ನು ದಾಟಿ ಹಂಗಾರಕಟ್ಟೆಯ ಬಳಿ ಕಡಲಿಗೆ ಸೇರುತ್ತದೆ. ಅಭಯಾರಣ್ಯವೆಂದು ಘೋಷಿಸುವುದಕ್ಕೂ ಬಹಳ ಹಿಂದಿನಿಂದ ಸುತ್ತಲಿನ ಊರುಗಳವರು ಅಲ್ಲಿ ಮಿಂದು ಬಂದಿದ್ದಾರೆ. ಆ ತಾಯಿ ಅರುವತ್ತೆಂಟನೆಯ ವಯಸ್ಸಿನಲ್ಲಿ ಒಂದು ಮುಳುಗು ಹಾಕಬೇಕೆಂದು ಬಯಸಿದರೆ ಅವರಿಗೆ ಚೀಟಿ, ಷರತ್ತು, ಗಡಿ ತೋರಿಸುವುದು ನ್ಯಾಯವೇ? ನೀರನ್ನು ಕೆಡಿಸಿದವರು ತೀರ್ಥಕ್ಕೆ ಹೋದವರಲ್ಲ, ಮೋಜಿಗೆ ಹೋದವರು. ಇಬ್ಬರಿಗೂ ಒಂದೇ ನಿಯಮ ಏಕೆ?

ಅಧ್ಯಾಪಕಿ, ಉಡುಪಿ — ಉತ್ತರ

ಹಿರಿಯರಿಗೆ ನಮಸ್ಕಾರ. ತೀರ್ಥವೆಂಬ ಭಾವನೆಯೇ ಆ ನೀರನ್ನು ಇಷ್ಟು ಕಾಲ ಕಾಪಾಡಿದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳು ಉಳಿದಿರುವುದು ಅವುಗಳನ್ನು ದೇವರ ಮೀನುಗಳೆಂದು ಊರವರು ನೋಡಿಕೊಂಡದ್ದರಿಂದ. ಆದರೆ 1996ರಲ್ಲಿ ಅಲ್ಲಿ ವಿಷಪ್ರಾಶನದಿಂದ ಸಾವಿರಾರು ಮೀನುಗಳು ಸತ್ತವು ಎಂಬುದನ್ನೂ ನಾವು ಮರೆಯುವಂತಿಲ್ಲ. ಯಾರು ಭಕ್ತಿಯಿಂದ ಬಂದರು, ಯಾರು ಹಾಗಲ್ಲ ಎಂಬುದನ್ನು ಬಾಗಿಲಲ್ಲಿ ನಿಂತ ಕಾವಲುಗಾರ ಹೇಗೆ ಗುರುತಿಸಬೇಕು? ಅಲ್ಲದೆ ಭಕ್ತಿಯಿಂದ ಮೀಯುವವರ ಮೈಗೆ ಹಚ್ಚಿದ ಎಣ್ಣೆಯೂ ಸಾಬೂನೂ ಅದೇ ನೀರಿಗೇ ಸೇರುತ್ತವೆ.

ನಾನು ಜೀವಶಾಸ್ತ್ರ ಕಲಿಸುವವಳು. ಪದವಿ ತರಗತಿಯ ಮಕ್ಕಳನ್ನು ಕರೆದುಕೊಂಡು ಅನುಮತಿಯೊಂದಿಗೆ ಘಟ್ಟದ ತಪ್ಪಲಿನ ತೊರೆಗಳಿಗೆ ಹೋಗಿದ್ದೇನೆ. ಬಿಜೈಯ ಸಹೋದರಿಯವರು ‘ಆ ನೀರು ಏನಾಗಬಹುದು’ ಎಂದು ಕೇಳಿದ್ದರಲ್ಲ, ಅದಕ್ಕೆ ಉತ್ತರವನ್ನು ನಾನು ಒಂದು ಬಂಡೆಯ ಮೇಲೆ ತೋರಿಸಬಲ್ಲೆ. ಅಬ್ಬಿಯ ಪಕ್ಕದಲ್ಲಿ ನೀರು ಧಾರೆಯಾಗಿ ಬೀಳದೆ, ತೆಳ್ಳನೆಯ ಪೊರೆಯಂತೆ ಜಿನುಗುತ್ತಾ ಇಳಿಯುವ ಬಂಡೆಗಳಿರುತ್ತವೆ. ಮುಖವನ್ನು ಹತ್ತಿರ ಒಯ್ದು ಎರಡು ನಿಮಿಷ ಸುಮ್ಮನೆ ನೋಡಿದರೆ ಬಂಡೆಯ ಬಣ್ಣದ್ದೇ ಆದ, ಒಂದಂಗುಲವೂ ಇಲ್ಲದ, ಉದ್ದನೆಯ ಬಾಲದ ಏನೋ ಒಂದು ಅಲ್ಲಾಡುವುದು ಕಾಣುತ್ತದೆ. ರಕ್ತ ಹೀರುವ ಉಂಬಳವೆಂದು ಹೆದರಿ ಉಪ್ಪು ಎರಚಲು ಹೋದವರನ್ನು ನಾನು ನೋಡಿದ್ದೇನೆ. ಅದು ಉಂಬಳವಲ್ಲ, ಕಪ್ಪೆಯ ಮರಿ, ಗೊದಮೊಟ್ಟೆ. ಇಂಡಿರಾನಾ ಎಂಬ ಕುಲದ ಜಿಗಿಯುವ ಕಪ್ಪೆಗಳ ಗೊದಮೊಟ್ಟೆಗಳು ಕೆರೆಯ ಗೊದಮೊಟ್ಟೆಗಳಂತೆ ನೀರಿನಲ್ಲಿ ಈಜುತ್ತಾ ಬೆಳೆಯುವುದಿಲ್ಲ. ಒದ್ದೆ ಬಂಡೆಗೆ ಅಂಟಿಕೊಂಡು, ಆ ತೆಳುವಾದ ನೀರಿನ ಪೊರೆಯಲ್ಲಿಯೇ ಪಾಚಿಯನ್ನು ಕೆರೆದು ತಿನ್ನುತ್ತಾ ಬೆಳೆಯುತ್ತವೆ. ಮುಟ್ಟಲು ಹೋದರೆ ಬಾಲ ಬಡಿದು ಒಣ ಬಂಡೆಯ ಮೇಲೂ ಹಾರುತ್ತವೆ. ಈ ಕುಲದ ಕಪ್ಪೆಗಳು ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ.

ಈಗ ಯೋಚಿಸಿ. ಆ ಮರಿಗೆ ಇರುವ ನೀರು ನಮ್ಮ ಉಗುರಿನಷ್ಟು ದಪ್ಪ. ಕಪ್ಪೆಗಳ ಚರ್ಮ ನಮ್ಮ ಚರ್ಮದಂತೆ ತಡೆಗೋಡೆಯಲ್ಲ. ಅವು ಚರ್ಮದ ಮೂಲಕವೇ ನೀರನ್ನು ಹೀರುತ್ತವೆ, ಉಸಿರಾಡುವುದಕ್ಕೂ ಅದನ್ನು ಬಳಸುತ್ತವೆ. ಆದ್ದರಿಂದ ಸಾಬೂನು, ಶಾಂಪೂ, ಸನ್‌ಸ್ಕ್ರೀನ್, ಸೊಳ್ಳೆ ಓಡಿಸುವ ಮುಲಾಮು ಇವು ನಮಗೆ ಏನೂ ಮಾಡದ ಪ್ರಮಾಣದಲ್ಲಿಯೂ ಅವುಗಳಿಗೆ ತೊಂದರೆ ಮಾಡಬಲ್ಲವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 32ನೇ ಸೆಕ್ಷನ್ ಅಭಯಾರಣ್ಯದೊಳಗೆ ವನ್ಯಜೀವಿಗಳಿಗೆ ಹಾನಿ ಮಾಡಬಹುದಾದ ರಾಸಾಯನಿಕಗಳ ಬಳಕೆಯನ್ನು ನಿಷೇಧಿಸುತ್ತದೆ. ಆ ಮಾತನ್ನು ಓದುವಾಗ ನಮಗೆ ನೆನಪಾಗುವುದು ಮೀನಿಗೆ ವಿಷ ಹಾಕುವವರು, ತೋಟೆ (ಸಿಡಿಮದ್ದು) ಸಿಡಿಸುವವರು. ನಮ್ಮ ಚೀಲದಲ್ಲಿರುವ ಐದು ರೂಪಾಯಿಯ ಶಾಂಪೂ ಪೊಟ್ಟಣವನ್ನು ಅಲ್ಲಿ ಹರಿಯುವಾಗಲೂ ಅದೇ ಮಾತನ್ನು ನೆನೆಯಬೇಕೆಂದು ನಾನು ನನ್ನ ಮಕ್ಕಳಿಗೆ ಹೇಳುತ್ತೇನೆ.

ಇದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನೀವು ಹೋಗುವುದು ಡಿಸೆಂಬರ್ ಕೊನೆಗೆ. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಕಾಡಿನ ಉಣ್ಣಿಗಳ ಕಡಿತದಿಂದ ಹರಡುತ್ತದೆ. ಕಾಡಿಗೆ ಹೋಗುವವರು ಉಣ್ಣಿ ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳಬೇಕೆಂದು ಆರೋಗ್ಯ ಇಲಾಖೆ ಹೇಳುತ್ತದೆ, ಅದು ಸರಿಯಾದ ಸಲಹೆ. ಆದರೆ ಅದೇ ತೈಲವನ್ನು ಹಚ್ಚಿಕೊಂಡ ಕಾಲಿನಿಂದ ನೀರಿಗೆ ಇಳಿದರೆ? ನಾವು ಕಂಡುಕೊಂಡ ದಾರಿ ಹೀಗಿದೆ: ಮೈ ಮುಚ್ಚುವ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸುವುದು, ತರಗೆಲೆಯ ಮೇಲೆ ಕುಳಿತುಕೊಳ್ಳದಿರುವುದು, ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಸಾಬೂನು ಹಚ್ಚಿ ಸ್ನಾನ ಮಾಡುವುದು. ತೈಲ ಹಚ್ಚಿಕೊಳ್ಳಲೇಬೇಕಾದವರು ಅಂದು ನೀರಿಗೆ ಇಳಿಯುವುದಿಲ್ಲ. ಮಂಗ ಸತ್ತಿರುವುದು ಎಲ್ಲಾದರೂ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಹಿಂದಿರುಗಿದ ಒಂದೆರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಹೋಗುವುದೇ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. 2012ರಲ್ಲಿ ಪಶ್ಚಿಮ ಘಟ್ಟದ ಕೆಲವು ಕಾಡುಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಸೋಮೇಶ್ವರವೂ ಇತ್ತು. ನಮ್ಮ ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ ಸಿಂಗಳೀಕ, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿ ಬದುಕುವ ಕಾಡಿದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣದೆ ಬೆಳೆದರೆ ಮುಂದೆ ಅದಕ್ಕಾಗಿ ಮಾತನಾಡುವವರು ಯಾರು? ಕರೆದುಕೊಂಡು ಹೋಗಿ. ಸಾಧ್ಯವಾದರೆ ಭಾನುವಾರ ಬಿಟ್ಟು ವಾರದ ನಡುವೆ, ಬೆಳಗ್ಗೆ ಬೇಗ ಹೋಗಿ. ನೀರಿಗೆ ಇಳಿಯುವ ಮೊದಲು ಮಗಳಿಗೆ ಆ ಬಂಡೆಯನ್ನು ತೋರಿಸಿ.

ಸೀತಾನದಿ ದಡದವನು — ಉತ್ತರ

ಮೇಡಂ, ಉಣ್ಣಿಯ ವಿಷಯವನ್ನು ನಾನು ಮೊದಲೇ ಬರೆಯಬೇಕಿತ್ತು, ನೆನಪಿಸಿದ್ದಕ್ಕೆ ಕೃತಜ್ಞತೆಗಳು. ಉಂಬಳದ ಕಾಟ ಡಿಸೆಂಬರಿನಲ್ಲಿ ಕಡಿಮೆ ಇರುತ್ತದೆ. ಕಚ್ಚಿದರೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕುವುದು ನಮ್ಮ ಕಡೆಯ ರೂಢಿ. ಆದರೆ ಅದನ್ನು ದಾರಿಯಲ್ಲಿ ಮಾಡಿಕೊಳ್ಳಿ, ನೀರಿನ ಅಂಚಿನಲ್ಲಿ ಬೇಡ. ಉಗುರಿನಿಂದ ಮೆಲ್ಲಗೆ ಬಿಡಿಸಿದರೂ ಬರುತ್ತದೆ.

ಕಾರ್ಕಳದ ಹಿರಿಯರ ಮಾತಿಗೆ ಒಂದು ವಿಷಯ ಹೇಳಬೇಕೆನಿಸುತ್ತದೆ. ನನ್ನ ಅಜ್ಜ ಕೂಡ್ಲಿಗೆ ಹೋಗುವಾಗ ಉಪವಾಸವಿದ್ದು ಹೋಗುತ್ತಿದ್ದರು. ನೀರಿಗೆ ಉಗುಳುವಂತಿರಲಿಲ್ಲ, ಬಟ್ಟೆ ಒಗೆಯುವಂತಿರಲಿಲ್ಲ, ಅಲ್ಲಿ ಗಟ್ಟಿಯಾಗಿ ಮಾತನಾಡಿದರೂ ಗದರುತ್ತಿದ್ದರು. ಈಗ ಇಲಾಖೆಯ ಫಲಕದಲ್ಲಿರುವುದಕ್ಕಿಂತ ಹೆಚ್ಚಿನ ನಿಯಮಗಳು ಅಜ್ಜನ ಬಾಯಲ್ಲಿದ್ದವು. ಆದ್ದರಿಂದ ಚೀಟಿಯೂ ಷರತ್ತೂ ತೀರ್ಥಕ್ಕೆ ವಿರುದ್ಧವೆಂದು ನನಗೆ ಅನಿಸುವುದಿಲ್ಲ.

ಊಟದ ಬಗ್ಗೆ: ಪ್ಲಾಸ್ಟಿಕ್ ಪೊಟ್ಟಣಗಳನ್ನು ಒಯ್ಯಬೇಡಿ. ಬಾಳೆ ಎಲೆಯಲ್ಲಿ ಕಟ್ಟಿದ ಬುತ್ತಿ, ಸ್ಟೀಲ್ ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು ಸಾಕು. ಅದನ್ನೂ ವಾಹನ ನಿಲ್ಲಿಸಿದ ಕಡೆಯೇ ಮುಗಿಸಿಕೊಂಡು ಹೋಗಿ. ಮಂಗಗಳು ಚೀಲ ಕಸಿಯುವುದನ್ನು ಚೆನ್ನಾಗಿ ಕಲಿತಿವೆ.

ಕಾರ್ಕಳದ ಹಿರಿಯ — ಉತ್ತರ

ಅಜ್ಜನವರ ಕ್ರಮವನ್ನು ಓದಿ ಮನಸ್ಸು ತುಂಬಿತು. ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು, ನಾನು ಅದನ್ನು ನಿಯಮವೆಂದು ಎಣಿಸಿರಲಿಲ್ಲ. ಇಬ್ಬರಿಗೂ ಒಂದೇ ನಿಯಮ ಏಕೆ ಎಂದು ಕೇಳಿದ್ದೆ. ಆ ಪ್ರಶ್ನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಹಿರಿಯರಿಗೆ ಒಂದು ಚೆಂಬು ನೀರು ತಲೆಗೆ ಹಾಕಿಕೊಳ್ಳಲು ದಡದಲ್ಲಿ ಭದ್ರವಾದ ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ ಇರಬೇಕೆಂಬ ನನ್ನ ಬೇಡಿಕೆಯನ್ನು ಮಾತ್ರ ಬಿಡುವುದಿಲ್ಲ.

ಬಿಜೈಯ ಗೃಹಿಣಿ — ಹೋಗಿಬಂದ ಬಳಿಕ

ಎಲ್ಲರಿಗೂ ವಂದನೆಗಳು. ನಾವು ಕಳೆದ ಬುಧವಾರ ಹೋಗಿಬಂದೆವು. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು, ಹೆಬ್ರಿಯಲ್ಲಿ ತಿಂಡಿ ಮುಗಿಸಿ, ಕಾಡಿನ ಬಾಗಿಲು ತಲುಪುವಾಗ ಒಂಬತ್ತು ದಾಟಿತ್ತು. ಹಿಂದಿನ ಎರಡು ದಿನ ಘಟ್ಟದ ಮೇಲೆ ಅಕಾಲಿಕ ಮಳೆ ಬಿದ್ದಿತ್ತಂತೆ. ನೀರು ಪೂರ್ತಿ ತಿಳಿಯಾಗಿಲ್ಲ, ಇಂದು ಯಾರೂ ಗುಂಡಿಗೆ ಇಳಿಯುವಂತಿಲ್ಲ ಎಂದು ಅಲ್ಲಿದ್ದ ಸಿಬ್ಬಂದಿ ವಿನಯದಿಂದಲೇ ಹೇಳಿದರು. ಮಗನ ಮುಖ ಬಾಡಿತು. ಅವನು ಒಂದು ಒಣ ಎಲೆಯನ್ನು ದಡದಿಂದ ನೀರಿಗೆ ಬಿಟ್ಟ. ಅದು ಸ್ವಲ್ಪ ಹೊತ್ತು ನಮ್ಮ ಮುಂದೆಯೇ ತೇಲಿ, ಮೆಲ್ಲಗೆ ತಿರುಗಿ, ಬಿಳಿ ನೊರೆಯ ಕಡೆಗೆ ಹೋಗಿ ಮಾಯವಾಯಿತು. ಅವನು ಮತ್ತೆ ಎರಡು ಎಲೆ ಬಿಟ್ಟು ನೋಡಿದ. ಬಳಿಕ ಹಾರುವ ಮಾತು ತೆಗೆಯಲಿಲ್ಲ.

ಅತ್ತೆಯವರು ನಾಲ್ಕು ಕಡೆ ಕುಳಿತು, ಒಂದು ಗಂಟೆ ತೆಗೆದುಕೊಂಡು ತಲುಪಿದರು. ಸಿಬ್ಬಂದಿಯವರೇ ಗುಂಡಿಯಿಂದ ಕೆಳಗೆ, ನೀರು ಕಲ್ಲುಗಳ ನಡುವೆ ಪಾದ ಮುಳುಗುವಷ್ಟು ಮಾತ್ರ ಹರಿಯುವ ಒಂದು ಜಾಗವನ್ನು ತೋರಿಸಿದರು. ನನ್ನ ಯಜಮಾನರು ಅವರ ತೋಳು ಹಿಡಿದು ನಿಂತರು, ನಾನು ಚೆಂಬಿನಲ್ಲಿ ನೀರು ತೆಗೆದು ಅವರ ತಲೆಗೆ ಮೂರು ಬಾರಿ ಹಾಕಿದೆ. ನೀರು ಮಂಜಿನಂತಿತ್ತು. ಹಿಂದೆ ಆ ಬಂಡೆಯ ಪಕ್ಕದಲ್ಲಿ ಒಂದು ಹೆಬ್ಬಲಸಿನ ಮರವಿತ್ತು, ಅದರ ಬೇರನ್ನು ಹಿಡಿದು ತಾವು ಇಳಿಯುತ್ತಿದ್ದೆವು ಎಂದು ಅವರು ಅಲ್ಲಿದ್ದವರಿಗೆ ಹೇಳಿದರು. ಆ ಮರ ಈಗ ಇರಲಿಲ್ಲ.

ಅಧ್ಯಾಪಕಿಯವರು ಹೇಳಿದ ಗೊದಮೊಟ್ಟೆಯನ್ನು ಮಗಳು ಅರ್ಧ ಗಂಟೆ ಹುಡುಕಿದಳು. ಎಲ್ಲಿಯೂ ಕಾಣಲಿಲ್ಲ. ಹೊರಡುವ ಹೊತ್ತಿಗೆ ಮೆಟ್ಟಿಲ ಬದಿಯ ಜಿನುಗು ಬಂಡೆಯ ಮುಂದೆ ಅವಳು ಕುಕ್ಕರುಗಾಲಿನಲ್ಲಿ ಕುಳಿತು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಮ್ಮನ್ನೆಲ್ಲ ಸುಮ್ಮನಿರುವಂತೆ ಸನ್ನೆ ಮಾಡಿದಳು. ಬಂಡೆಯ ಮೇಲೆ ಒಂದು ಸಣ್ಣ ಬಾಲ ಅಲ್ಲಾಡುತ್ತಿತ್ತು. ಮೇಡಂ, ಡಿಸೆಂಬರಿನಲ್ಲಿಯೂ ಅವು ಇರುತ್ತವೆಯೇ, ಅಥವಾ ಅದು ಬೇರೆ ಯಾವುದಾದರೂ ಜೀವಿಯೇ? ಮುಟ್ಟಲು ಅವಳು ಒಪ್ಪಲಿಲ್ಲವಾದ್ದರಿಂದ ಹತ್ತಿರದಿಂದ ಫೋಟೋ ತೆಗೆಯಲಾಗಲಿಲ್ಲ. ಬಣ್ಣ ಕಂದು, ಮೈಮೇಲೆ ಕಪ್ಪು ಚುಕ್ಕೆಗಳಿದ್ದವು, ಬಾಲ ಮೈಗಿಂತ ಎರಡು ಪಟ್ಟು ಉದ್ದವಿತ್ತು.